ತವರಿಗೆ ಹೊರಟ ಮೀನು

ರಾಯವ್ವನ ಕೈಗೆ ಎರಡು ವಾಸನೆಗಳಿದ್ದವು. ಒಂದು ಮೀನಿನದು, ಅದು ಅಂಬಿಗರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಬಳುವಳಿಯಾಗಿ ಬರುವಂಥದ್ದು. ಹುಣಸೆಹಣ್ಣು, ಬೂದಿ ಕೂಡಿಸಿ ತಿಕ್ಕಿದರೆ ಸಂಜೆಯ ಮಟ್ಟಿಗೆ ಹೋಗುತ್ತಿತ್ತು. ಇನ್ನೊಂದು ಶೆಡ್ಡಿನ ಔಷಧದ್ದು. ಸತ್ತ ಮೀನು ಕೊಳೆಯಬಾರದೆಂದು ಬಾಟಲಿಗೆ ಸುರಿಯುವ ಆ ನೀರು ಮೂಗಿಗೆ ಬಡಿದರೆ ಕಣ್ಣು ಉರಿಯುತ್ತಿತ್ತು, ಕೈಗೆ ಹತ್ತಿದರೆ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ರೊಟ್ಟಿ ಬಡಿದರೆ ರೊಟ್ಟಿಗೆ, ಹೆರಳು ಹಾಕಿಕೊಂಡರೆ ಹೆರಳಿಗೆ. ಅವಳ ಗಂಡ ಶಟ್ಟೆಪ್ಪ ಮೊದಮೊದಲು ಗೊಣಗಿದ. ಆಮೇಲೆ ಅವನಿಗೂ ಸಾಕಾಗಿ ಸುಮ್ಮನೆ ತಿಂದ. ಆ ಮನೆಯಲ್ಲಿ ಆ ವರ್ಷಗಳಲ್ಲಿ ಬಹಳಷ್ಟು ಸಂಗತಿಗಳು ಹೀಗೆಯೇ, ಸಾಕಾಗಿ, ಸುಮ್ಮನಾದವು.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಬಿದ್ದ ಹೊಸದರ ಮಾತು ಇದು, ಎಪ್ಪತ್ತರ ದಶಕದ ನಡುವಿನದು. ಕಟ್ಟೆಯ ಹಿಂದೆ ನೀರು ನಿಂತು, ಸವದತ್ತಿಯ ಕಡೆಯಿಂದ ಬೈಲಹೊಂಗಲದ ಕಡೆಗೆ ಕಣ್ಣು ಹಾಯುವಷ್ಟು ದೂರ ಹಬ್ಬಿತು. ಆ ನೀರಿನಡಿಗೆ ಹೋದ ಊರುಗಳಲ್ಲಿ ರಾಯವ್ವನದೂ ಒಂದು. ಊರಿನ ಹೆಸರು ಹೇಳಿ ಪ್ರಯೋಜನವೇನು, ಈಗ ಅಲ್ಲಿಗೆ ಬಸ್ಸೇ ಇಲ್ಲ. ಸರ್ಕಾರ ಗುಡ್ಡದ ಓರೆಯಲ್ಲಿ ಪ್ಲಾಟು ಕೊಟ್ಟಿತು, ಅದರ ಮೇಲೆ ಇವರು ತಗಡಿನ ಮನೆ ಹಾಕಿಕೊಂಡರು. ಬೇಸಿಗೆಯಲ್ಲಿ ಒಳಗೆ ಕೂತವರದು ಹಂಚಿನ ಮೇಲಿನ ರೊಟ್ಟಿಯ ಪಾಡು.

ಮನೆ ಹೋದದ್ದು ಒಂದು ದುಃಖವಾದರೆ, ಹೊಳೆ ಹೋದದ್ದು ಇನ್ನೊಂದು. ಶಟ್ಟೆಪ್ಪನಿಗೆ ಹೊಳೆ ಗೊತ್ತಿತ್ತು. ಯಾವ ಮಡುವಿನಲ್ಲಿ ಬಾಳೆಮೀನು ಮಲಗುತ್ತದೆ, ಯಾವ ಬಂಡೆಯ ಹಿಂದೆ ಗಿರಲು ಮೀನು ಕೂಡುತ್ತವೆ ಎಂಬುದೆಲ್ಲ ಅವನಿಗೆ ತನ್ನ ಅಂಗೈಯಷ್ಟು ಪರಿಚಿತ. ಈಗ ಮಡುವೂ ಇಲ್ಲ, ಬಂಡೆಯೂ ಇಲ್ಲ. ಎಲ್ಲೆಲ್ಲೂ ಒಂದೇ ಸಮನಾದ ನೀರು. ಬಲೆ ಬಿಟ್ಟರೆ ಅಡಿಯಲ್ಲಿ ಮುಳುಗಿದ ಜಾಲಿಮರಗಳಿಗೆ ಸಿಕ್ಕಿ ಹರಿಯುತ್ತಿತ್ತು. ಅದರ ಮೇಲೆ ಸರ್ಕಾರದವರು ಲಾರಿಯಲ್ಲಿ ಹೊಸ ಮೀನಿನ ಮರಿ ತಂದು ಸುರಿದರು, ಕಾಟ್ಲಾ ಅಂತ, ರೋಹು ಅಂತ. ಹೆಸರು ಕೇಳಿದರೇ ಬೇರೆ ಸೀಮೆಯ ಬೀಗರು ಅನ್ನಿಸುತ್ತಿತ್ತು. ಹೀಗಾಗಿ ಕಟ್ಟೆಯ ಪಕ್ಕದ, ಸರ್ಕಾರದ ಮೀನು ಇಲಾಖೆಯ ಶೆಡ್ಡಿನಲ್ಲಿ ಹರಗೋಲು ಇದ್ದ ಗಂಡಹೆಂಡತಿ ಬೇಕಾಗಿದ್ದಾರೆ, ತಿಂಗಳ ಪಗಾರ ಅಂತ ಸುದ್ದಿ ಬಂದಾಗ ಶಟ್ಟೆಪ್ಪ ಹೆಚ್ಚು ಯೋಚನೆ ಮಾಡಲಿಲ್ಲ. ನೋಯುವ ಮೊಣಕಾಲು ಹಿಡಿದುಕೊಂಡು ಹೋಗಿ ಹೂಂ ಅಂದು ಬಂದ.

ಶೆಡ್ಡಿನ ಸಾಹೇಬ ಕಾರವಾರದವನು, ದತ್ತಾ ತಾಂಡೇಲ. ಅಪ್ಪ, ಅಜ್ಜ ಎಲ್ಲ ಸಮುದ್ರಕ್ಕೆ ದೋಣಿ ಹಾಕಿದವರು. ಇವನು ಓದಿ ಸಮುದ್ರದ ಜೀವಗಳ ಲೆಕ್ಕ ಕಲಿತ. ಯಾವ ಜೀವ ಯಾವುದನ್ನು ತಿನ್ನುತ್ತದೆ, ಒಂದು ಕಡಿಮೆಯಾದರೆ ಇನ್ನೊಂದಕ್ಕೇನಾಗುತ್ತದೆ, ಎಷ್ಟು ಹಿಡಿದರೆ ಎಷ್ಟು ಉಳಿಯುತ್ತದೆ, ಇದನ್ನೆಲ್ಲ ಕೂಡಿಸಿ ಕಳೆದು ಮುಂದಾಗುವುದನ್ನು ಇಂದೇ ಹೇಳುವ ವಿದ್ಯೆ ಅದು. ಕಲಿತದ್ದು ಸಮುದ್ರದ್ದು, ಕೆಲಸ ಸಿಕ್ಕದ್ದು ಈ ಎರೆಸೀಮೆಯ ನಡುವಿನ ನೀರಿನಲ್ಲಿ. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. “ಸಮುದ್ರಕ್ಕೆ ಗೋಡೆ ಇಲ್ಲ ರಾಯವ್ವಾ, ಇದಕ್ಕೆ ಇದೆ. ಗೋಡೆ ಇದ್ದ ನೀರಿನ ಲೆಕ್ಕ ಹಿಡಿದರೆ, ನಾಳೆ ಸಮುದ್ರದ್ದೂ ಹಿಡಿಯಬಹುದು” ಅನ್ನುತ್ತಿದ್ದ. ನೀರಿನಲ್ಲಿ ಮೀನಿನ ಹೆಜ್ಜೆ ಕಂಡವರಾರು ಅಂತ ನಮ್ಮ ಕಡೆ ಗಾದೆ ಇದೆ. ಆ ಹೆಜ್ಜೆ ಎಣಿಸಲಿಕ್ಕೇ ಈ ಪುಣ್ಯಾತ್ಮ ಪಗಾರ ತೆಗೆದುಕೊಳ್ಳುತ್ತಿದ್ದ.

ಕೆಲಸ ಕಷ್ಟದ್ದಲ್ಲ, ಆದರೆ ಮೈ ಹಣ್ಣಾಗುವಂಥದ್ದು. ನೀರಿನ ಮೇಲೆ ಅಲ್ಲಲ್ಲಿ ಖಾಲಿ ಡಬ್ಬಿ ತೇಲಿಬಿಟ್ಟು ಗುರುತು ಮಾಡಿದ್ದರು. ಪ್ರತಿ ಗುರುತಿನ ಹತ್ತಿರ ಹರಗೋಲು ನಿಲ್ಲಿಸಿ, ನೀರು ಎಷ್ಟು ತಿಳಿಯೆಂದು ಅಳೆಯಲು ಹಗ್ಗಕ್ಕೆ ಕಟ್ಟಿದ ಬಿಳಿ ತಾಟನ್ನು ನೀರಿಗಿಳಿಸಿ ಅದು ಕಣ್ಣಿಗೆ ಕಾಣದಾಗುವ ಆಳಕ್ಕೆ ಹಗ್ಗಕ್ಕೆ ಗಂಟು ಹಾಕಬೇಕು. ನೀರಿನ ಬಾಟಲಿ ತುಂಬಬೇಕು. ಬಲೆ ಬಿಟ್ಟು ಎಳೆಯಬೇಕು. ಶಟ್ಟೆಪ್ಪ ಹುಟ್ಟು ಹಾಕಿ ಬಲೆ ಎಳೆಯುವವನು. ಬಲೆಯಿಂದ ಮೀನು ಬಿಡಿಸಿ ಬುಟ್ಟಿಗೆ ಹಾಕುವವಳು, ಶೆಡ್ಡಿಗೆ ಬಂದು ಹೊಟ್ಟೆ ಸೀಳಿ ಒಳಗಿದ್ದದ್ದನ್ನು ಬಾಟಲಿಗೆ ಹಾಕಿಕೊಡುವವಳು ರಾಯವ್ವ. ತಾಂಡೇಲ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದ: “ಸಣ್ಣದು ದೊಡ್ಡದು ಅನ್ನಬೇಡಿ, ಒಳ್ಳೆಯದು ಕೆಟ್ಟದ್ದು ಅನ್ನಬೇಡಿ. ಬಲೆಗೆ ಬಿದ್ದದ್ದೆಲ್ಲ ನನ್ನ ಮುಂದೆ ಬರಬೇಕು.” ಇಬ್ಬರೂ ಹೂಂ ಅಂದಿದ್ದರು. ಮನಸ್ಸಿನಿಂದಲೇ ಅಂದಿದ್ದರು.

ಶೆಡ್ಡಿನ ನೆಲದ ಮೇಲೆ ತಾಂಡೇಲ ಸುಣ್ಣದಿಂದ ಇಡೀ ನೀರನ್ನು ಬರೆದಿದ್ದ. ಕಟ್ಟೆ ಇಲ್ಲಿ, ಮುಳುಗಿದ ಊರುಗಳು ಅಲ್ಲಿ, ಹೊಳೆ ಬಂದು ಕೂಡುವ ಬಾಯಿ ಆ ಗೋಡೆಯ ಹತ್ತಿರ. ಅದರೊಳಗೆ ಕಾಳು ಇಡುತ್ತಿದ್ದ. ನವಣೆ ಅಂದರೆ ನೀರಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಗಳು. ಜೋಳ ಅಂದರೆ ಅವನ್ನು ತಿನ್ನುವ ಕಾಟ್ಲಾ. ಕಡಲೆ ಅಂದರೆ ಎಲ್ಲರನ್ನೂ ತಿನ್ನುವ ಬಾಳೆಮೀನು. ತೊಗರಿ ಅಂದರೆ ಹೊಳೆಯ ಹಳೆಯ ಮೀನು, ರೆಕ್ಕೆಯ ಅಂಚಿಗೆ ಕೆಂಪಡರಿದ್ದು, ನಮ್ಮವರು ಕೆಂಪಮೀನ ಅನ್ನುವಂಥದ್ದು. ಬಲೆಯಲ್ಲಿ ಬಂದದ್ದನ್ನು ನೋಡಿ ತಿಂಗಳು ತಿಂಗಳು ಕಾಳು ಇಡುವುದು, ತೆಗೆಯುವುದು. ಒಮ್ಮೆ ಇಲಿ ಬಂದು ಜೋಳವನ್ನೆಲ್ಲ ತಿಂದು ಹೋಯಿತು. ಸಾಹೇಬ ಬೆಳಿಗ್ಗೆ ಬಂದು, “ಅಯ್ಯೋ ನನ್ನ ಕಾಟ್ಲಾ!” ಎಂದು ತಲೆ ಹಿಡಿದುಕೊಂಡ. “ಇಲಿಗೂ ಒಂದ್ ಕಾಳ ಇಟ್ಟಬಿಡ್ರಿ ಸಾಹೇಬ್ರ, ಲೆಕ್ಕ ಸರಿ ಆಕ್ಕೈತಿ” ಅಂದಳು ರಾಯವ್ವ. ಆ ಶೆಡ್ಡಿನಲ್ಲಿ ಅವಳು ನಕ್ಕದ್ದು ಕಡಿಮೆ. ಅವತ್ತು ನಕ್ಕಿದ್ದಳು.

ಇನ್ನು ಅಂಬಿಗರ ಮನೆಯ ಒಂದು ನಡಾವಳಿಯ ಮಾತು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮುಂಗಾರಿನ ಮೊದಲಿಗೆ ಮಿರಗದ ಮಳೆ ಬಿದ್ದು ಹೊಳೆಗೆ ಕೆಂಪು ನೀರು ಬಂತೆಂದರೆ ಕೆಂಪಮೀನು ಬಸುರಾಗಿ ಹೊಳೆಯ ಎದುರು ಏರುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಚೊಚ್ಚಲ ಹೆರಿಗೆ ತವರಿನಲ್ಲಿ. ಮೀನಿಗೆ ಎಲ್ಲ ಹೆರಿಗೆಯೂ ತವರಿನಲ್ಲೇ. ಆ ದಿನಗಳಲ್ಲಿ ಬಲೆಗೆ ಕೆಂಪಮೀನು ಬಿದ್ದರೆ ಅಂಬಿಗರ ಹೆಂಗಸು ಅದರ ಹೊಟ್ಟೆಯ ಮೇಲೆ ಹೆಬ್ಬೆರಳು ಮೆಲ್ಲಗೆ ಒತ್ತಿ ನೋಡುತ್ತಾಳೆ. ತತ್ತಿ ತುಂಬಿದ್ದರೆ ಸೆರಗಿನ ಗಂಟು ಬಿಚ್ಚಿ ಅದರ ಹಣೆಗೆ ಅರಿಸಿನ ಹಚ್ಚುತ್ತಾಳೆ, ನೀರು ಬರುವ ದಿಕ್ಕಿಗೆ ಮುಖ ಮಾಡಿಸಿ ಕೈಬಿಡುತ್ತಾಳೆ. “ತವರಿಗೆ ಹೋಗವ್ವ, ಹಡದು ಬಾ” ಅನ್ನುತ್ತಾಳೆ. ಪಂಚಮಿ ಹಬ್ಬ ಮುಗಿಯುವ ತನಕ ಹೊಳೆಯ ಬಾಯಿಗೆ ಯಾರೂ ಬಲೆ ಹಾಕುವಂತಿಲ್ಲ. ಹೊಳೆ ನಿಂತು ಕೆರೆಯಾದರೂ ರಾಯವ್ವ ಇದನ್ನು ಬಿಟ್ಟಿರಲಿಲ್ಲ. ಸಾಹೇಬನ ಅಪ್ಪಣೆ ಮೀರುತ್ತಿದ್ದೇನೆ ಅಂತಲೂ ಅವಳಿಗೆ ಅನ್ನಿಸಿರಲಿಲ್ಲ. ಬಲೆಗೆ ಬಿದ್ದದ್ದೆಲ್ಲ ಬರಬೇಕು, ಸರಿ. ಆದರೆ ಬಸುರಿ ಮೀನನ್ನು ಬಲೆಗೆ ಬಿದ್ದದ್ದು ಅಂತ ಯಾರು ಅನ್ನುತ್ತಾರೆ? ಅದು ಅರಿಸಿನ ಹಚ್ಚಿಸಿಕೊಳ್ಳಲು ಬಂದದ್ದು, ಹಚ್ಚಿಸಿಕೊಂಡು ಹೋದದ್ದು.

ಇದರಲ್ಲಿ ಅವಳ ಸ್ವಂತದ ಒಂದು ಉರಿಯೂ ಇತ್ತು. ಅವಳಿಗೆ ಒಬ್ಬಳೇ ಮಗಳು, ಯಲ್ಲವ್ವ. ನೇಸರಗಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಾಗಿದ್ದ ವರ್ಷವೇ ಊರಿಗೆ ನೀರು ನುಗ್ಗಿತು. ಬೀಗರು, “ಬಾಣಂತನ ಎಲ್ಲಿ ಮಾಡ್ತೀರಿ, ತಗಡಿನ ಕೆಳಗೇನ?” ಅಂದರು. ಉತ್ತರ ಕೊಡಲು ಇವರ ಹತ್ತಿರ ಗೋಡೆ ಇರಲಿಲ್ಲ. ಮಗಳು ಅತ್ತೆಯ ಮನೆಯಲ್ಲೇ ಹಡೆದಳು, ಜ್ವರ ಬಂದು ಒದ್ದಾಡಿದಳು. ಕೂಸು ಉಳಿಯಿತು, ತಾಯಿಯೂ ಉಳಿದಳು, ಆದರೆ ನೋಡಲು ಹೋದ ರಾಯವ್ವನ ಕಡೆ ತಿರುಗಿ ಮಲಗಿ, “ನನ್ನ ತವರ ನೀರಾಗ ಹೋತಬೇ” ಅಂದಳು. ಆಮೇಲೆ ಒಂದು ಪಂಚಮಿಗೂ ಅವಳು ಬರಲಿಲ್ಲ. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡುವ ಹಬ್ಬದಲ್ಲಿ ರಾಯವ್ವ ಉಂಡಿ ಕಟ್ಟಿ, ತಿನ್ನುವವರಿಲ್ಲದೆ ನೆರೆಯವರಿಗೆ ಹಂಚುತ್ತಿದ್ದಳು. ಮಗಳನ್ನಂತೂ ಕರೆಸಿಕೊಳ್ಳಲಾಗಲಿಲ್ಲ, ಮೀನನ್ನಾದರೂ ತವರಿಗೆ ಕಳಿಸುತ್ತೇನೆ ಅನ್ನುವ ಹಟ ಅವಳದು.

ಹೀಗೆ ಮೂರು ಮಳೆಗಾಲ ಕಳೆದವು. ನಾಲ್ಕನೆಯದರ ಹೊಸ್ತಿಲಲ್ಲಿ, ಮಿರಗದ ಮೊದಲ ಹನಿ ಬಿದ್ದ ದಿನ, ರಾಯವ್ವ ಶೆಡ್ಡು ಗುಡಿಸಲು ಬಂದಾಗ ತಾಂಡೇಲ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತೊಗರಿ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದ.

“ಅವನ್ಯಾಕ ತಗೀತೀರಿ ಸಾಹೇಬ್ರ?”

“ಇದು ಇವತ್ತಿನದಲ್ಲ ರಾಯವ್ವಾ, ಮುಂದಿನ ವರ್ಷಗಳದ್ದು. ಈಗಿರುವ ಕೆಂಪುಮೀನು ಮುದಿಯಾಗಿ ಸಾಯುತ್ತವೆ. ಇಷ್ಟು ಹೋದವು. ಇನ್ನಿಷ್ಟು ಹೋದವು. ನೋಡಿ, ಮುಗಿಯಿತು.” ಸುಣ್ಣದ ಗೆರೆಯೊಳಗೆ ಒಂದು ತೊಗರಿಯೂ ಉಳಿಯಲಿಲ್ಲ.

“ಮರಿ ಮಾಡೂದಿಲ್ಲೇನ್ರಿ ಅವು?”

“ಅದೇ ಹೇಳುತ್ತಿದ್ದೇನೆ. ಹೊಳೆ ಇದ್ದಾಗ ಮಾಡುತ್ತಿದ್ದವೇನೋ. ನೀರು ನಿಂತ ಮೇಲೆ ನಿಲ್ಲಿಸಿವೆ. ಮೂರು ಮಳೆಗಾಲದಲ್ಲಿ ಮೊಟ್ಟೆ ಕಟ್ಟಿದ ಒಂದೇ ಒಂದು ಕೆಂಪುಮೀನು ಸಿಕ್ಕಿಲ್ಲ. ಇರುವ ಮುದಿ ಮೀನು ಸುಮ್ಮನೆ ಹೊಸ ಮರಿಗಳ ಪಾಲು ತಿನ್ನುವುದು ಯಾಕೆ? ಅದಕ್ಕೇ ಈ ವರ್ಷದಿಂದ ಮಳೆಗಾಲದಲ್ಲೂ ಹೊಳೆಯ ಬಾಯಿಗೆ ಬಲೆ ಹಾಕಬಹುದು ಅಂತ ಬರೆದು ಕಳಿಸಿದ್ದೇನೆ. ಅಲ್ಲಿ ಗುಂಪುಗೂಡುತ್ತವಂತಲ್ಲ, ಹಿಡಿಯಲು ಸುಲಭ. ಇನ್ನೇನು ಬಲೆ ಹಾಕುವ ಗುತ್ತಿಗೆಯ ಲಿಲಾವು ಆಗುತ್ತದೆ.”

ಗುಡಿಸುತ್ತಿದ್ದ ರಾಯವ್ವನ ಕೈಯ ಬಾರಿಗೆ ನಿಂತಿತು. ಅವಳಿಗೆ ಒಮ್ಮೆಗೇ ತಿಳಿಯಲಿಲ್ಲ. ತಿಳಿದದ್ದು ಕಾಲಿನಿಂದ ಮೇಲೆ ಬಂದಹಾಗೆ ಮೆಲ್ಲಗೆ ಬಂತು.

“ತತ್ತಿ ಇಲ್ಲಂತ ನಿಮಗ ಯಾರ ಹೇಳಿದ್ರಿ?”

“ನೀವೇ. ನೀವು ತಂದ ಮೀನು.”

ಅವಳು ಬಾರಿಗೆ ಕೆಳಗಿಟ್ಟು ಕೂತುಬಿಟ್ಟಳು. “ಅಯ್ಯ ನಮ್ಮವ್ವ... ಅದಾವ್ರಿ. ಬೇಕಾದಷ್ಟ ಅದಾವ. ನಾವ ಬಿಟ್ಟೇವ್ರಿ. ಬಸರಿ ಮೀನ ತರತಾರೇನ್ರಿ ಯಾರರೆ? ಅರಿಷಿಣ ಹಚ್ಚಿ ತವರಿಗೆ ಕಳಸೇವ್ರಿ ಸಾಹೇಬ್ರ. ನೀವು ಕೇಳಿದ್ದಿಲ್ಲ, ನಾ ಹೇಳಿದ್ದಿಲ್ಲ.”

ತಾಂಡೇಲ ಎದ್ದು ನಿಂತ. ಬೈಯುತ್ತಾನೆ ಅಂತ ಅವಳು ಕಾದಳು. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಅವನು ಬಾಗಿಲಿಗೆ ಹೋಗಿ, ತುಂತುರು ಬೀಳುವ ನೀರನ್ನು ನೋಡಿ ತಿರುಗಿ ಬಂದು ಮಗುಚಿಟ್ಟ ಹರಗೋಲಿನ ಮೇಲೆ ಕೂತ. ಮೂರು ವರ್ಷದ ಕೆಲಸ ಒಂದು ಮಾತಿನಲ್ಲಿ ಬಿದ್ದುಹೋದವನ ಮುಖ ಅದು.

“ನಾನು ಕೇಳಬೇಕಿತ್ತು” ಅಂದ. “ಸಮುದ್ರದಲ್ಲಿ ನನ್ನ ಅಪ್ಪನೂ ಮೊದಲ ಬಲೆಯ ಮೊದಲ ಮೀನನ್ನು ನೀರಿಗೇ ಬಿಡುತ್ತಿದ್ದ. ನನಗೆ ಗೊತ್ತಿತ್ತು. ಗೊತ್ತಿದ್ದೂ, ಬಲೆಗೂ ನನ್ನ ಮೇಜಿಗೂ ನಡುವೆ ಏನಾಗುತ್ತದೆ ಅಂತ ನಿಮ್ಮನ್ನು ಕೇಳಲಿಲ್ಲ.”

“ಈಗ ಬರೀರಿ ಹಂಗಾರ. ತಪ್ಪಾಗೇತಿ, ತತ್ತಿಮೀನ ಅದಾವು ಅಂತ ಬರೀರಿ. ಬಾಯಿಗೆ ಬಲಿ ಬ್ಯಾಡಂತ ಹೇಳ್ರಿ.”

“ಏನಂತ ಬರೆಯಲಿ ಮಾರಾಯ್ತಿ? ರಾಯವ್ವ ಅರಿಸಿನ ಹಚ್ಚಿದಳು ಅಂತಲೇ? ಮೇಲಿನವರಿಗೆ ಬಾಟಲಿಯಲ್ಲಿ ಮೊಟ್ಟೆ ಕಾಣಬೇಕು. ಒಂದು ಮೀನಿನದಲ್ಲ, ಒಂದು ಸಿಕ್ಕರೆ ಆಕಸ್ಮಿಕ ಅನ್ನುತ್ತಾರೆ. ಎಲ್ಲ ಗುರುತಿನಿಂದಲೂ ಬೇಕು, ಹೊಟ್ಟೆ ಕೊಯ್ದು ನೋಡಿದ್ದು ಬೇಕು, ಲಿಲಾವಿಗೆ ಮೊದಲು ಬೇಕು.” ಆಮೇಲೆ ಅವನೇ ಹೇಳಿದ, “ನೀವು ತರುವುದಿಲ್ಲ ಅಂದರೆ ನಾನು ಒತ್ತಾಯ ಮಾಡುವುದಿಲ್ಲ.”

ಒತ್ತಾಯ ಮಾಡುವುದಿಲ್ಲ ಅನ್ನುವವರ ಹತ್ತಿರ ತಪ್ಪಿಸಿಕೊಳ್ಳುವುದು ಹೇಗೆ? ಗುತ್ತಿಗೆದಾರನ ಬಲೆ ಹೊಳೆಯ ಬಾಯಿಗೆ ಅಡ್ಡ ಬಿದ್ದರೆ ತವರಿಗೆ ಹೊರಟದ್ದೆಲ್ಲ ಬಾಗಿಲಲ್ಲೇ ಹೆಣವಾಗುತ್ತದೆ. ಆ ಬಾಗಿಲು ತೆಗೆದುಕೊಟ್ಟದ್ದು ತನ್ನ ಕೈ, ಅರಿಸಿನ ಹಚ್ಚಿದ ಕೈ. ಕೊಂದಿದ್ದರೆ ಉಳಿಯುತ್ತಿದ್ದವು, ಉಳಿಸಿದ್ದಕ್ಕೆ ಸಾಯುತ್ತವೆ. ಇಂಥ ನ್ಯಾಯ ಯಾವ ದೇವರದು ಅಂತ ಅವಳಿಗೆ ಸಿಟ್ಟು ಬಂತು. ಸಿಟ್ಟಿನಷ್ಟೇ ಆಯಾಸವೂ ಬಂತು.

ಮನೆಗೆ ಬಂದು ಹೇಳಿದಾಗ ಶಟ್ಟೆಪ್ಪ ಉಣ್ಣುತ್ತಿದ್ದವನು ತಾಟು ಸರಿಸಿದ.

“ಬಸರಿ ಮೀನ ಕೊಯ್ಯಾಕ ನಾ ಹುಟ್ಟ ಹಾಕಂಗಿಲ್ಲ. ಪಗಾರ ಬ್ಯಾಡ, ಏನೂ ಬ್ಯಾಡ. ನಮ್ಮಪ್ಪ ಮಾಡಿಲ್ಲ, ಅವರಪ್ಪ ಮಾಡಿಲ್ಲ.”

“ಅವರಿಗೆ ಕಟ್ಟಿ ಇದ್ದಿದ್ದಿಲ್ಲರಿ. ಲಿಲಾವೂ ಇದ್ದಿದ್ದಿಲ್ಲ.”

“ಪಾಪ ಸುತ್ತಕೋತೈತಿ, ರಾಯವ್ವ.”

“ಸುತ್ತಕೊಳ್ಳಲಿ. ಮಾಡಿದ್ರೂ ಪಾಪ, ಬಿಟ್ರೂ ಪಾಪ. ಕಡಿಮಿ ಯಾವದು ಹೇಳ್ರಿ, ಅದನ್ನ ಮಾಡೂಣು.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮಗಳೂ ಹೀಗೇ ತಿರುಗಿ ಮಲಗಿದ್ದಳು, ಅಪ್ಪನ ಬುದ್ಧಿ ಅವಳಿಗೆ.

ಬೆಳಕು ಹರಿಯುತ್ತಲೇ ರಾಯವ್ವ ಒಬ್ಬಳೇ ಹರಗೋಲು ನೀರಿಗೆ ತಳ್ಳಿದಳು. ಹರಗೋಲು ಅಂದರೆ ಬುಟ್ಟಿ. ಹುಟ್ಟು ಹಾಕುವ ಹದ ಗೊತ್ತಿಲ್ಲದವರ ಕೈಯಲ್ಲಿ ಅದು ಮುಂದೆ ಹೋಗುವುದಿಲ್ಲ, ಬುಗುರಿಯಾಗುತ್ತದೆ. ಇಷ್ಟು ವರ್ಷ ಅದರಲ್ಲಿ ಕೂತಿದ್ದಳೇ ಹೊರತು ಹುಟ್ಟು ಹಿಡಿದವಳಲ್ಲ. ದಂಡೆಯ ಹತ್ತಿರವೇ ಸುತ್ತಿ ಸುತ್ತಿ ತಲೆ ತಿರುಗಿ, ಸೀರೆಯೆಲ್ಲ ತೋಯ್ದು, ಮೂರು ಮಾರು ದೂರ ಹೋಗಲಿಲ್ಲ. ಶಟ್ಟೆಪ್ಪ ದಂಡೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. ನಗು ಬಂದರೂ ನಗಲಿಲ್ಲ. ನೋಯುವ ಮೊಣಕಾಲು ಎಳೆಯುತ್ತ ನೀರಿಗಿಳಿದು ಹರಗೋಲಿನ ಅಂಚು ಹಿಡಿದ.

“ಸರಿ ಅತ್ಲಾಗ. ಮುಳಗಿ ಸತ್ತಿ ಅಂದ್ರ ನನಗ ರೊಟ್ಟಿ ಬಡಿಯಾವರ ಯಾರು.”

ಇಬ್ಬರೂ ಗುರುತಿನಿಂದ ಗುರುತಿಗೆ ಹೋದರು. ಮೊದಲ ಎಳೆತಕ್ಕೇ ಕೆಂಪಮೀನು ಬಂತು. ರಾಯವ್ವ ಹೆಬ್ಬೆರಳು ಒತ್ತಿ ನೋಡಿದಳು. ತುಂಬು ಬಸುರಿ. ರೂಢಿಯ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು, ಅರಿಸಿನ ಹಚ್ಚಿತು, ಮೀನನ್ನು ನೀರಿನ ಮೇಲೆ ಹಿಡಿಯಿತು. ಶಟ್ಟೆಪ್ಪ ಹುಟ್ಟು ನಿಲ್ಲಿಸಿ ನೋಡುತ್ತಿದ್ದ. ಮೀನು ಬಾಲ ಬಡಿಯಿತು, ನೀರಿನ ವಾಸನೆ ಅದಕ್ಕೂ ಬಂದಿತ್ತು. ಅವಳು ಅದನ್ನು ಬುಟ್ಟಿಗೆ ಹಾಕಿದಳು. ಹಾಕಿ, ಮೇಲೆ ಹಸಿ ಗೋಣಿ ಮುಚ್ಚಿದಳು.

ಹೊಟ್ಟೆ ಕೊಯ್ಯುವ ಹೊತ್ತಿಗೆ ತಾಂಡೇಲ ತಾನೇ ಕತ್ತಿ ತೆಗೆದುಕೊಂಡ. “ಇವತ್ತು ನಾನು ಮಾಡುತ್ತೇನೆ, ನೀವು ಹೊರಗೆ ಕೂಡಿ.”

“ಬ್ಯಾಡ್ರಿ. ನಾನ ತಂದೇನಿ, ನಾನ ಕೊಯ್ಯತೇನಿ. ನಿಮ್ಮ ಕೈಗೆ ರೂಢಿ ಇಲ್ಲ, ಅದಕ್ಕ ತ್ರಾಸ ಆಕ್ಕೈತಿ.”

ಕೊಯ್ದಳು. ತತ್ತಿ ನವಣೆ ಸುರಿದ ಹಾಗೆ ಅಂಗೈ ತುಂಬ ಸುರಿಯಿತು. ಬಾಟಲಿ ತುಂಬಿದ ಮೇಲೆ ತಾಂಡೇಲ ಮೀನಿನ ಕರುಳು ಬಿಚ್ಚಿ ನೋಡಿ, ಮಾತು ಬೇರೆ ಕಡೆ ತಿರುಗಿಸಲಿಕ್ಕೋ ಏನೋ, ಹೇಳಿದ: “ಇದು ಗೋಡೆಯ ಮೇಲೆ ಬೆಳೆಯುವ ಪಾಚಿ. ಇದು ಸಿಕ್ಕದ್ದು ನಿಮ್ಮ ಊರಿನ ಮೇಲಿನ ಗುರುತಿನಲ್ಲಲ್ಲವೇ? ನಿಮ್ಮ ಮನೆಗಳ ಗೋಡೆ ನೆಕ್ಕಿ ಬೆಳೆದ ಮೀನು ಇದು.”

ರಾಯವ್ವ ಆ ಹಸಿರನ್ನು ಬೆರಳಿನಿಂದ ಮುಟ್ಟಿ ನೋಡಿದಳು. ತನ್ನ ಮನೆಯಲ್ಲಿ ಉಂಡು, ತನ್ನ ಕೈಯಲ್ಲಿ ಅರಿಸಿನ ಹಚ್ಚಿಸಿಕೊಂಡು ತವರಿಗೆ ಹೊರಟದ್ದನ್ನು ತಾನೇ ಕೊಯ್ದಂತಾಯಿತು. ಆಗ ಅತ್ತಳು. ಔಷಧದ ಉರಿ ಅಂತ ಸಾಹೇಬ ಬೇಕಾದರೆ ತಿಳಿದುಕೊಳ್ಳಲಿ ಎಂದು ಮುಚ್ಚುಮರೆಯಿಲ್ಲದೆ ಅತ್ತಳು. ಅತ್ತಾದ ಮೇಲೆ ಮೂಗು ಒರೆಸಿಕೊಂಡು ಮುಂದಿನ ಮೀನು ತೆಗೆದುಕೊಂಡಳು.

ಎಲ್ಲ ಗುರುತುಗಳೂ ಮುಗಿಯುವ ತನಕ ಆ ಕೆಲಸ ನಡೆಯಿತು. ತಾಂಡೇಲ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ, ತಾನೇ ಮಡಿಲಲ್ಲಿಟ್ಟುಕೊಂಡು ಯರಗಟ್ಟಿಯ ಮೇಲೆ ಹಾಯುವ ಬಸ್ಸು ಹತ್ತಿ ಬೆಳಗಾವಿಗೆ ಹೋದ. ತನ್ನ ಲೆಕ್ಕ ತಪ್ಪು ಅಂತ ತಾನೇ ಹೋಗಿ ಹೇಳುವುದು ಸಣ್ಣ ಮಾತಲ್ಲ. ಅಲ್ಲಿ ಏನೇನು ಅನ್ನಿಸಿಕೊಂಡನೋ, ಬಂದು ಹೇಳಲಿಲ್ಲ. ಲಿಲಾವು ಮೊದಲು ಮುಂದಕ್ಕೆ ಹೋಯಿತು, ಆಮೇಲೆ ನಿಂತಿತು. ಮಳೆಗಾಲದಲ್ಲಿ ಹೊಳೆಯ ಬಾಯಿಗೆ ಬಲೆ ಹಾಕಕೂಡದು ಅಂತ ಹುಕುಮು ಬಂತು. ಅದರ ಬಾಲಕ್ಕೆ ಇನ್ನೊಂದು ಮಾತೂ ಇತ್ತು: ಹೊಳೆಯ ಬಾಯಿ ಬಲೆಗಳಿಗೆ ಮುಚ್ಚಿಯೇ ಇರಬೇಕಾದರೆ ತತ್ತಿ ಕಟ್ಟಿದ ಮೀನು ಇದ್ದಾವೆ ಅಂತ ವರ್ಷವರ್ಷವೂ ತೋರಿಸಬೇಕು. ಎಲ್ಲ ಗುರುತಿನಿಂದ. ಬಲೆಗೆ ಬಿದ್ದದ್ದನ್ನೆಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ ಅನ್ನುತ್ತಾರೆ. ದಯೆಯನ್ನೂ ಅಳೆದೇ ಸುರಿಯಬೇಕಾದೀತು ಅಂತ ರಾಯವ್ವನಿಗೆ ಮೊದಲು ಯಾರೂ ಹೇಳಿರಲಿಲ್ಲ.

ಮುಂದಿನ ವರ್ಷ ತಾಂಡೇಲನಿಗೆ ಕಡಲ ದಂಡೆಗೆ ವರ್ಗವಾಯಿತು. ಹೋಗುವ ದಿನ ಸುಣ್ಣದ ಗೆರೆಯೊಳಗೆ ಒಂದು ಹಿಡಿ ತೊಗರಿ ಹಾಕಿ, ಹೊಳೆಯ ಬಾಯಿಯಿಂದ ಕಟ್ಟೆಯವರೆಗೂ ಹರಡಿ ಹೋದ. “ಸಮುದ್ರದವರಿಗೆ ಕಲಿಸುವ ಮೊದಲ ಪಾಠ ನಿಮ್ಮದೇ ರಾಯವ್ವಾ” ಅಂದ. “ಏನ್ ಪಾಠರಿ ಅದು” ಅಂದಳು ಅವಳು, ಸಂತೋಷವೇನೂ ಆಗದೆ. ಹೊಸ ಸಾಹೇಬ ಬಂದ. ಅವನಿಗೆ ಕಾಳಿನಾಟ ಬೇಕಾಗಿರಲಿಲ್ಲ, ಬಾಟಲಿ ಬಂದರೆ ಸಾಕಾಗಿತ್ತು. ತೊಗರಿಯನ್ನು ಇಲಿ ತಿಂದವು.

ರಾಯವ್ವ ಪ್ರತಿ ಮಿರಗಕ್ಕೂ ಹರಗೋಲಿನಲ್ಲಿ ಕೂತಳು. ಅರಿಸಿನ ಹಚ್ಚುವುದು ಬಿಡಲಿಲ್ಲ, ಬುಟ್ಟಿಗೆ ಹಾಕುವುದೂ ಬಿಡಲಿಲ್ಲ. ಕೈಯ ಚರ್ಮ ಔಷಧಕ್ಕೆ ಒಡೆದು, ಉಗುರು ಹಳದಿಯಾಗಿ, ರೊಟ್ಟಿ ಬಡಿಯುವ ಕೆಲಸ ಕೊನೆಗೆ ಶಟ್ಟೆಪ್ಪನ ಪಾಲಿಗೇ ಬಂತು. ಅವನ ರೊಟ್ಟಿ ದುಂಡಗೆ ಒಂದೂ ಆಗಲಿಲ್ಲ.

ಹೀಗಿರುವಾಗ ಒಂದು ಪಂಚಮಿಗೆ ಯಲ್ಲವ್ವ ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ. ತಾನೇ ಬಸ್ಸಿಳಿದು, ಒಂದು ಮಗುವಿನ ಕೈ ಹಿಡಿದು, ಇನ್ನೊಂದನ್ನು ಹೊಟ್ಟೆಯಲ್ಲಿ ಹೊತ್ತು ಗುಡ್ಡದ ಓರೆ ಹತ್ತಿ ಬಂದಳು. ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಶೆಡ್ಡಿಗೇ ಬಂದು ಬಾಗಿಲಲ್ಲಿ ನಿಂತಳು. ಒಳಗೆ ರಾಯವ್ವನ ಮುಂದೆ ಆ ವರ್ಷದ ಕೊನೆಯ ಕೆಂಪಮೀನು, ಹಣೆಗೆ ಅರಿಸಿನ, ಇನ್ನೂ ಕಿವಿರು ಆಡಿಸುತ್ತಿತ್ತು.

“ಯವ್ವಾ, ಏನ್ ಮಾಡಾಕ ಹತ್ತಿದಿ? ಅದು ಬಸರಿ ಐತಿ.”

ರಾಯವ್ವ ಮಗಳ ಮುಖ ನೋಡಿದಳು, ಹೊಟ್ಟೆ ನೋಡಿದಳು. ಅಷ್ಟು ವರ್ಷ ಕಾದದ್ದು ಬಾಗಿಲಿಗೆ ಬಂದಾಗ ತನ್ನ ಕೈಯಲ್ಲಿ ಕತ್ತಿ ಇರಬೇಕೇ ಅಂತ ಜೀವ ಹಿಡಿಯಾಯಿತು.

“ಒಳಗ ಬರಬ್ಯಾಡವ್ವ. ಬಸರಿ ಇದ್ದಾಕಿ ನೋಡಬಾರದು. ಮನಿಗೆ ನಡಿ, ಬಂದೆ.”

“ಇದೊಂದ ಬಿಡ ಯವ್ವಾ. ಇನ್ನೂ ಜೀವ ಐತಿ. ನೀನ ಬಿಡತಿದ್ದಿ, ನಾ ಸಣ್ಣಾಕಿ ಇದ್ದಾಗ ನನ್ನ ಕೈಲೆ ಬಿಡಸತಿದ್ದಿ. ಇದೊಂದ.”

“ಇದೊಂದ ಬಿಟ್ಟರ, ಯಲ್ಲಿ, ಅವರ ಲೆಕ್ಕದಾಗ ಎಲ್ಲಾ ಸತ್ತಂಗ. ನಾ ಒಮ್ಮೆ ಬಿಟ್ಟ ನೋಡೇನಿ.”

ಯಲ್ಲವ್ವ ಮಗುವನ್ನು ಮೈಗೆ ಒತ್ತಿಕೊಂಡು ಆಚೆ ತಿರುಗಿದಳು, ಆದರೆ ಹೋಗಲಿಲ್ಲ. ರಾಯವ್ವ ಮೀನಿನ ಮೇಲೆ ಬಾಗಿದಳು. ತವರಿಗೆ ಹೋಗವ್ವ ಅನ್ನುವ ಮಾತು ಅವಳ ಬಾಯಿಂದ ಈಗ ಬರುತ್ತಿರಲಿಲ್ಲ. ಅದರ ಬದಲು ಅವಳು ಬೇರೊಂದು ಮಾತು ಹೇಳುವ ರೂಢಿ ಮಾಡಿಕೊಂಡಿದ್ದಳು, ಯಾರಿಗೂ ಕೇಳಿಸದ ಹಾಗೆ. ಅವತ್ತು ಮಗಳಿಗೆ ಕೇಳಿಸಿತು.

“ನಿನ್ನ ಅಕ್ಕತಂಗೇರು ಹೋಗಿ ಮುಟ್ಯಾರವ್ವ” ಅಂದಳು ರಾಯವ್ವ, ಮತ್ತು ಕೊಯ್ದಳು.

ಮನೆಗೆ ಹೋದ ಮೇಲೆ ಉಂಡಿ ಕಟ್ಟಿದ್ದು ಯಲ್ಲವ್ವನೇ. ತನ್ನ ಕೈ ಹಿಟ್ಟಿಗೆ ತಾಗಿದರೆ ವಾಸನೆ ಹತ್ತುತ್ತದೆ ಅಂತ ರಾಯವ್ವ ದೂರ ಕೂತಿದ್ದಳು. ತವರಿಗೆ ಬಂದ ಮಗಳ ಕೈಯಲ್ಲಿ ಕೆಲಸ ಮಾಡಿಸುತ್ತಿದ್ದೇನೆ ಅಂತ ಅವಳು ಕುಗ್ಗಿದಳು. ಯಲ್ಲವ್ವ ಮೊದಲ ಉಂಡಿಯನ್ನು ತಾಯಿಯ ಬಾಯಿಗೆ ಹಿಡಿದಳು. ರಾಯವ್ವ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ತಿಂದಳು.